ಪರಸ್ಥಳದ ಉಪಾಧ್ಯಾಯರ ಬಿಡಾರವೂ ಬಿಡುವೂ

ಕಳೆದ ಮಳೆಗಾಲದಲ್ಲಿ ನಾವು ಕಾರ್ಯಾರ್ಥವಾಗಿ ಮೂಡಿಗೆರೆಯಿಂದ ಕಳಸಕ್ಕೆ ಹೋಗಬೇಕಾಗಿ ಬಂದಿತು. ಕೊಟ್ಟಿಗೆಹಾರವನ್ನು ದಾಟುವ ಹೊತ್ತಿಗೆ ಮಳೆಯ ಹೊಡೆತಕ್ಕೆ ಬಸ್ಸಿನ ಗಾಜಿನಾಚೆ ಏನೊಂದೂ ಕಾಣದಂತಾಗಿತ್ತು. ಎದುರಿನ ಆಸನದಲ್ಲಿ ಒಬ್ಬ ಉಪಾಧ್ಯಾಯಿನಿಯರು ಕುಳಿತಿದ್ದರು. ಹಾವೇರಿಯ ಕಡೆಯವರು, ಕಳಸದಿಂದ ಇನ್ನೂ ಒಳಗಿರುವ ಹಳ್ಳಿಯೊಂದರ ಪ್ರಾಥಮಿಕ ಪಾಠಶಾಲೆಗೆ ನೇಮಕವಾಗಿ ಬಂದು ನಾಲ್ಕು ವರ್ಷಗಳಾಗಿದ್ದವು. ಅಂದು ಮಳೆಯ ನಿಮಿತ್ತ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರಿದ್ದುದರಿಂದ, ಮೂಡಿಗೆರೆಯ ಕಛೇರಿಯಲ್ಲಿ ಒಂದು ಕಾಗದವನ್ನು ಕೊಟ್ಟು ಹಿಂದಿರುಗುತ್ತಿದ್ದರು.

“ಹೇಗೂ ರಜೆ ಬಂದಿದೆಯಲ್ಲ, ಊರಿಗೆ ಹೋಗಿಬರಬಹುದಾಗಿತ್ತಲ್ಲವೇ ಅಮ್ಮಾ?” ಎಂದು ನಾವು ಕೇಳಿದೆವು.

ಅವರು ನಕ್ಕರು. “ರಜಾ ಅಂತ ಗೊತ್ತಾಗೂದು ಮುಂಜಾನೆರೀ. ಊರು ಮುಟ್ಟೂದ್ರಾಗ ರಜಾ ಮುಗದಿರ್ತೈತಿ. ಮ್ಯಾಲೆ ಇದು ಪುಕ್ಕಟೆ ರಜಾ ಅಲ್ಲರೀ, ಸಾಲ. ಶನಿವಾರ, ಐತವಾರ, ದಸರಾ ಅಂತ ಇದನ್ನ ತೀರಸಬೇಕು.”

ರಜೆಯನ್ನು ಸಾಲವೆಂದು ಕರೆದುದನ್ನು ನಾವು ಅದೇ ಮೊದಲು ಕೇಳಿದ್ದು. ಆ ಮಾತು ನಮ್ಮನ್ನು ಕಳಸದವರೆಗೂ ಬಿಡಲಿಲ್ಲ. ಈ ಲೇಖನಕ್ಕೂ ಅದೇ ಕಾರಣ. ನಮ್ಮ ಮಲೆನಾಡಿನ ಮಕ್ಕಳಿಗೆ ಓದು ಬರಹ ಕಲಿಸುವವರಲ್ಲಿ ಅನೇಕರು ಈ ಸೀಮೆಯವರಲ್ಲ. ಹಾವೇರಿ, ಗದಗ, ವಿಜಯಪುರ, ಚಿತ್ರದುರ್ಗಗಳಿಂದ ಬಂದವರು. ಅವರಿಗೆ ಇಲ್ಲಿಯ ಮಳೆ ಹೊಸದು, ಊಟ ಹೊಸದು, ಕನ್ನಡವೂ ಒಂದಿಷ್ಟು ಹೊಸದು. ತಮ್ಮೂರಿನಲ್ಲಿ ಮಕ್ಕಳಿಂದ ‘ಅಕ್ಕೋರೇ’ ಎನ್ನಿಸಿಕೊಳ್ಳುತ್ತಿದ್ದವರು ಇಲ್ಲಿ ‘ಟೀಚರ್’ ಎಂಬ ಕರೆಗೆ ತಿರುಗಿ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಸಮುದ್ರವನ್ನು ದಾಟಿದರೆ ಮಾತ್ರ ಪರದೇಶವೆಂದು ನಾವು ತಿಳಿಯುತ್ತೇವೆ. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು, ಸೌದೆ ಒಣಗದ ಊರಿನಲ್ಲಿ ಒಂಟಿಯಾಗಿ ಒಲೆ ಊದುವವನಿಗೆ ಭದ್ರಾ ನದಿಯೇ ಸಮುದ್ರ.

ಇದು ಹೊಸ ಸಂಗತಿಯೇನೂ ಅಲ್ಲ. ನಮ್ಮ ಹಿರಿಯರ ಕಾಲದಲ್ಲಿ ಮಲೆನಾಡಿನ ಒಂಟಿಮನೆಗಳಿಗೆ ವಿದ್ಯೆ ಬಂದದ್ದೇ ಹೊರಗಿನಿಂದ. ಹತ್ತು ಹರದಾರಿಗೆ ಒಂದು ಸರ್ಕಾರಿ ಶಾಲೆಯೂ ಇಲ್ಲದ ಆ ದಿನಗಳಲ್ಲಿ ಅನುಕೂಲಸ್ಥರಾದ ಮನೆತನದವರು ಘಟ್ಟದ ಕೆಳಗಿನಿಂದ ಐಗಳನ್ನು ಕರೆಯಿಸಿ ಮನೆಯಲ್ಲಿಯೇ ಮಠವನ್ನು ನಡೆಯಿಸುತ್ತಿದ್ದರು. 1904ರಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಜನಿಸಿ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರಿಗೆ ಅಕ್ಷರಾಭ್ಯಾಸವಾದದ್ದು ದಕ್ಷಿಣ ಕನ್ನಡದಿಂದ ಬಂದ ಉಪಾಧ್ಯಾಯರಿಂದ, ಮನೆಯಲ್ಲಿಯೇ. ಆಗ ದಕ್ಷಿಣ ಕನ್ನಡವು ಮದರಾಸು ಆಧಿಪತ್ಯಕ್ಕೆ ಸೇರಿದ್ದು. ಮಲೆನಾಡು ಮೈಸೂರು ಮಹಾರಾಜರದು. ಘಟ್ಟವನ್ನು ಹತ್ತಿದರೆಂದರೆ ಒಂದು ರಾಜ್ಯವನ್ನು ಬಿಟ್ಟು ಇನ್ನೊಂದು ರಾಜ್ಯಕ್ಕೆ ಬಂದಂತೆಯೇ ಆಗುತ್ತಿತ್ತು. ಆ ಐಗಳಿಗೆ ಕೊಡುತ್ತಿದ್ದ ಹಣವು ಅಲ್ಪವೇ. ಆದರೆ ಅವರಿಗೆ ಮಲಗಲು ಮನೆಯ ಉಪ್ಪರಿಗೆಯಲ್ಲಿಯೋ ಜಗಲಿಯ ಪಕ್ಕದಲ್ಲಿಯೋ ಸ್ಥಳವಿತ್ತು. ಎರಡು ಹೊತ್ತಿನ ಊಟ, ಮೀಯಲು ಬಿಸಿನೀರು, ಹೊದೆಯಲು ಕಂಬಳಿ ಇವು ಮನೆಯವರ ಹೊಣೆಯಾಗಿದ್ದವು. ಮನೆಯ ಯಜಮಾನನಿಗೆ ಕಟ್ಟಳೆ ಪುಸ್ತಕವೇನೂ ಇರಲಿಲ್ಲ. ದೂರದಿಂದ ಬಂದವನಿಗೆ ಮೊದಲು ಬಿಡಾರವಾಗಬೇಕು, ಅನಂತರ ಬಳಪ ಎಂಬ ತಿಳಿವಳಿಕೆಯೊಂದಿತ್ತು. ಐಗಳ ಕಾಲವೇ ಒಳ್ಳೆಯದಾಗಿತ್ತೆಂದು ನಾವು ಹೇಳುವುದಿಲ್ಲ. ಆ ಮಠದ ಬೆತ್ತವನ್ನು ಬಲ್ಲವರು ಹಾಗೆ ಹೇಳಲಾರರು. ಬಡವರ ಮಕ್ಕಳಿಗೆ ಆ ಜಗಲಿಯ ಮೇಲೆ ಸ್ಥಳವೂ ಇರಲಿಲ್ಲ. ಅದಕ್ಕೇ ಸರ್ಕಾರದ ಪಾಠಶಾಲೆಗಳು ಬರಬೇಕಾಯಿತು, ಬಂದವು. ಬಿಡಾರದ ಹೊಣೆಯು ಮಾತ್ರ ಉಪಾಧ್ಯಾಯರ ತಲೆಯ ಮೇಲೆಯೇ ಬಿದ್ದಿತು.

ಆ ಹೊಣೆಗೆ ಈಗ ಸರ್ಕಾರದವರು ಕೊಡತಕ್ಕದ್ದು ಮನೆಬಾಡಿಗೆಯ ಭತ್ಯ. ಏಳನೆಯ ವೇತನ ಆಯೋಗದ ಶಿಫಾರಸಿನ ಮೇರೆಗೆ 2024ನೆಯ ಆಗಸ್ಟ್ 1ರಿಂದ ಜಾರಿಗೆ ಬಂದ ಕ್ರಮದಲ್ಲಿ, ಈ ಭತ್ಯವು ಮೂಲವೇತನದ ಮೇಲೆ ಬೆಂಗಳೂರಿನಲ್ಲಿ ನೂರಕ್ಕೆ 20, ಅದಕ್ಕಿಂತ ಸಣ್ಣ ನಗರಗಳಲ್ಲಿ 15, ಉಳಿದ ಯಾವತ್ತೂ ಊರುಗಳಲ್ಲಿ ಏಳೂವರೆ. ಊರಿನ ಜನಸಂಖ್ಯೆಯೇ ಇದಕ್ಕೆ ಅಳತೆಗೋಲು. ಹೀಗಾಗಿ 42 ಸಾವಿರ ರೂಪಾಯಿ ಮೂಲವೇತನವುಳ್ಳ ಉಪಾಧ್ಯಾಯರಿಗೆ ಬೆಂಗಳೂರಿನಲ್ಲಿ ತಿಂಗಳಿಗೆ 8,400 ರೂಪಾಯಿ ದೊರೆತರೆ ಕಳಸದಲ್ಲಿ ದೊರೆಯುವುದು 3,150. ಜನ ಕಡಿಮೆಯಿರುವಲ್ಲಿ ಮನೆಗಳು ಅಗ್ಗವಾಗಿರುತ್ತವೆಂಬುದು ಈ ಲೆಕ್ಕದ ಒಳಗಿರುವ ನಂಬಿಕೆ. ಬಯಲುಸೀಮೆಯ ಹಳ್ಳಿಗೆ ಅದು ಸರಿಹೋಗಬಹುದು. ಕಾಫಿಯ ಸೀಮೆಯಲ್ಲಿ ಹಾಗಲ್ಲ. ಇಲ್ಲಿ ನೆಲವೆಂಬುದು ತೋಟ, ಇಲ್ಲವೇ ಗದ್ದೆ, ಇಲ್ಲವೇ ಕಾಡು. ಮನೆಗಳು ತೋಟಗಳ ನಡುವೆ ಒಂದೊಂದಾಗಿ ಚದರಿರುತ್ತವೆ. ಬಾಡಿಗೆಗೆಂದು ಮನೆ ಕಟ್ಟಿಸುವ ವಾಡಿಕೆಯೇ ಪೇಟೆಗಳ ಹೊರಗೆ ಅಪರೂಪ. ಇರುವ ನಾಲ್ಕು ಕೋಣೆಗಳಿಗೂ ಈಗ ಇನ್ನೊಬ್ಬ ಗಿರಾಕಿ ಬಂದಿದ್ದಾನೆ. ಶನಿವಾರ ಭಾನುವಾರಗಳಲ್ಲಿ ಬೆಂಗಳೂರಿನಿಂದ ಮೋಟಾರುಗಳಲ್ಲಿ ಬರುವ ಪ್ರವಾಸಿಗನು ಒಂದು ರಾತ್ರಿಯ ವಾಸಕ್ಕೆ ಕೊಡುವ ಹಣವು ಉಪಾಧ್ಯಾಯರ ಒಂದು ತಿಂಗಳ ಭತ್ಯವನ್ನು ಮುಟ್ಟುವುದುಂಟು. ಹೀಗಿರಲು ಮನೆಯೊಡೆಯನು ಹೋಂಸ್ಟೇ ಹಲಗೆಯನ್ನು ತೂಗುಹಾಕಿದರೆ ಅವನನ್ನು ನಾವು ದೂರಲಾರೆವು. ಕಾಫಿಯ ಬೆಲೆ ಇಳಿದ ವರ್ಷಗಳಲ್ಲಿ ಅವನ ಸಂಸಾರವನ್ನು ನಡೆಯಿಸಿದ್ದೂ ಆ ಹಲಗೆಯೇ.

ಈ ಗುಡ್ಡಗಳಲ್ಲಿ ಹಿಂದೆ ಪರದೇಶದಿಂದ ಬಂದ ಇನ್ನೊಂದು ಬಗೆಯ ನೌಕರರೂ ಇದ್ದರು. ಕಾಫಿ ತೋಟಗಳನ್ನು ನೋಡಿಕೊಳ್ಳಲು ಸಮುದ್ರದಾಚೆಯಿಂದ ಬಂದ ದೊರೆಗಳು. ಅವರಿಗೆ ಅಗ್ಗಿಷ್ಟಿಕೆಯುಳ್ಳ ಬಂಗಲೆ, ಆಳುಕಾಳು, ಕೆಲವು ವರ್ಷಗಳಿಗೊಮ್ಮೆ ಸ್ವದೇಶಕ್ಕೆ ಹೋಗಿಬರಲು ದೀರ್ಘವಾದ ರಜೆ ಎಲ್ಲವೂ ಇದ್ದವು. ದೂರದೇಶದವನನ್ನು ಈ ಮಳೆಯಲ್ಲಿ ನಿಲ್ಲಿಸಬೇಕಾದರೆ ಇಷ್ಟು ಬೇಕೆಂಬುದನ್ನು ಕಂಪನಿಗಳು ಅರಿತಿದ್ದವು. ಆ ಬಂಗಲೆಗಳಲ್ಲಿ ಕೆಲವು ಇಂದು ಪ್ರವಾಸಿಗರ ವಸತಿಗಳಾಗಿವೆ. ಸ್ವಾತಂತ್ರ್ಯಾನಂತರ 1951ರಲ್ಲಿ ತೋಟಗಳ ಕಾರ್ಮಿಕರಿಗಾಗಿ ಶಾಸನವೊಂದಾಯಿತು. ತೋಟದಲ್ಲಿ ವಾಸಿಸುವ ಕಾರ್ಮಿಕನಿಗೂ ಅವನ ಸಂಸಾರಕ್ಕೂ ಮನೆಯನ್ನು ಒದಗಿಸತಕ್ಕದ್ದು ಮಾಲೀಕನ ಹೊಣೆಯೆಂದು ಅದು ವಿಧಿಸಿತು. ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳು 25ಕ್ಕಿಂತ ಹೆಚ್ಚಾಗಿದ್ದರೆ ಅವರ ವಿದ್ಯಾಭ್ಯಾಸಕ್ಕೂ ಏರ್ಪಾಡು ಮಾಡುವಂತೆ ನಿಯಮಗಳನ್ನು ಮಾಡಲು ಸರ್ಕಾರಕ್ಕೆ ಅಧಿಕಾರವನ್ನು ಕೊಟ್ಟಿತು. ಬಹು ಒಳ್ಳೆಯ ಶಾಸನವೇ. ಆದರೆ ತೋಟದ ಹೊರಗೆ, ಸರ್ಕಾರಿ ಶಾಲೆಯಲ್ಲಿ ಆ ಮಕ್ಕಳಿಗೆ ಪಾಠ ಹೇಳುವವನು ಎಲ್ಲಿ ಮಲಗಬೇಕೆಂಬುದು ಆ ಶಾಸನದ ವಿಷಯವಾಗಿರಲಿಲ್ಲ. ಮನೆಗೆಲಸದ ಮಾತಿನಲ್ಲಿ ಹೇಳುವುದಾದರೆ, ಎಲ್ಲರಿಗೂ ಎಲೆ ಹಾಕಿ ಬಡಿಸಲು ನಿಂತವನಿಗೆ ಎಲೆ ಮರೆತಂತಾಯಿತು.

ಮರೆಯದೆ ಎಲೆ ಹಾಕಿದ ಸ್ಥಳಗಳೂ ಈ ಜಿಲ್ಲೆಯಲ್ಲಿ ಉಂಟು. ಕುದುರೆಮುಖದಲ್ಲಿ ಅದಿರು ತೆಗೆಯಲು 1976ರಲ್ಲಿ ಸ್ಥಾಪಿತವಾದ ಕಂಪನಿಯು ಕಾಡಿನ ನಡುವೆ ಒಂದು ಊರನ್ನೇ ಕಟ್ಟಿತು. ಅಲ್ಲಿ ಸಾಲುಸಾಲು ಮನೆಗಳು, ಆಸ್ಪತ್ರೆ, ಪಾಠಶಾಲೆ ಎಲ್ಲವೂ ಇದ್ದವು. ದೇಶದ ನಾನಾ ಕಡೆಗಳಿಂದ ಜನರು ಆ ಮಳೆಗೆ ಬಂದು ವರ್ಷಗಟ್ಟಲೆ ನಿಂತರು. 2005ನೆಯ ಡಿಸೆಂಬರ್ 31ಕ್ಕೆ ಗಣಿಯ ಕೆಲಸವು ನಿಂತಿತು, ಜನರೂ ಹೊರಟುಹೋದರು. ಇಂದು ಆ ದಾರಿಯಲ್ಲಿ ಹೋಗುವವರಿಗೆ ಬೀಗ ಜಡಿದ ಮನೆಗಳು ಕಾಣಸಿಗುತ್ತವೆ. ಮನೆ ಹುಡುಕಿ ಅಲೆದ ಉಪಾಧ್ಯಾಯರೊಬ್ಬರು ಆ ಸಾಲನ್ನು ನೋಡಿದರೆ ಅವರಿಗೆ ಏನನ್ನಿಸಬಹುದೆಂದು ನಾವು ಊಹಿಸಬಲ್ಲೆವು. ಬಾಳೆಹೊನ್ನೂರಿನ ಬಳಿಯ ನವೋದಯ ವಿದ್ಯಾಲಯದಲ್ಲಿ ಉಪಾಧ್ಯಾಯರ ವಾಸವು ಆವರಣದಲ್ಲಿಯೇ, ಬಾಡಿಗೆಯಿಲ್ಲದೆ. ರಾತ್ರಿಯಲ್ಲಿಯೂ ಮಕ್ಕಳನ್ನು ನೋಡಿಕೊಳ್ಳುವ ಹೊಣೆ ಅದಕ್ಕೆ ಸೇರಿಕೊಂಡಿದೆ. ಆದರೂ ಸೂರಿನ ಚಿಂತೆಯಿಲ್ಲ. ವಿದ್ಯಾಲಯವೊಂದು ಗುಡ್ಡದ ಮೇಲೆ ನೆಲೆಗೊಳ್ಳಬೇಕಾದರೆ ಮೊದಲು ಉಪಾಧ್ಯಾಯರ ಮನೆ ಕಟ್ಟಬೇಕೆಂದು ತಿಳಿದವರು ತಿಳಿದೇ ಇದ್ದಾರೆ. ಹದಿನೈದು ಮಕ್ಕಳ ಹಳ್ಳಿಯ ಶಾಲೆಗೆ ಮಾತ್ರ ಆ ತಿಳಿವಳಿಕೆ ಇಳಿದುಬಂದಿಲ್ಲ.

ಇನ್ನು ನಿಜವಾಗಿ ಸಮುದ್ರ ದಾಟಿದವರ ವಿಚಾರ. ಮೂಡಿಗೆರೆಯ ನಮ್ಮ ಪರಿಚಿತರೊಬ್ಬರ ಮಗಳು ದುಬೈಯ ಒಂದು ಭಾರತೀಯ ಪಾಠಶಾಲೆಯಲ್ಲಿ ಗಣಿತವನ್ನು ಬೋಧಿಸುತ್ತಾಳೆ. ರಜೆಯಲ್ಲಿ ಬಂದಾಗ ತನ್ನ ಕರಾರು ಪತ್ರವನ್ನು ನಮಗೆ ಓದಿ ತೋರಿಸಿದಳು. ಸಂಬಳ, ಮನೆ, ವಿಮಾನದ ಟಿಕೆಟ್ಟು, ರಜೆ, ವೈದ್ಯಸಹಾಯ ಇಷ್ಟೂ ಒಂದೇ ಹಾಳೆಯಲ್ಲಿ ಬರೆದಿದ್ದವು. ಅಲ್ಲಿಯ 2021ರ ಕಾರ್ಮಿಕ ಶಾಸನವು ಕೆಲಸ ಕೊಡುವವನು ವಸತಿಯನ್ನು ಒದಗಿಸಬೇಕು, ಇಲ್ಲವೇ ಅದರ ಬದಲಿಗೆ ಹಣ ಕೊಡಬೇಕು, ಅಥವಾ ಸಂಬಳದಲ್ಲಿಯೇ ಸೇರಿಸಬೇಕು ಎನ್ನುತ್ತದೆ. ವರ್ಷ ತುಂಬಿದವರಿಗೆ 30 ದಿನಗಳ ಸಂಬಳಸಹಿತ ರಜೆಯನ್ನು ವಿಧಿಸುತ್ತದೆ. ಶಾಲೆಗಳ ದೊಡ್ಡ ರಜೆ ಜುಲೈ ಆಗಸ್ಟ್ ತಿಂಗಳುಗಳಲ್ಲಿ. ಏಕೆಂದರೆ ಆಗ ಅಲ್ಲಿ ಮಕ್ಕಳು ಬೀದಿಯಲ್ಲಿ ನಡೆಯಲಾರದಷ್ಟು ಬಿಸಿಲು.

ಎಲ್ಲವೂ ಸಕ್ಕರೆಯೆಂದು ವಾಚಕರು ತಿಳಿಯಬಾರದು. ‘ಸಜ್ಜಿತ ಮನೆ’ ಎಂದು ಬರೆದದ್ದು ಇನ್ನಿಬ್ಬರೊಡನೆ ಹಂಚಿಕೊಳ್ಳುವ ಒಂದು ಕೋಣೆಯಾಗಬಹುದು. ಟಿಕೆಟ್ಟು ವರ್ಷಕ್ಕೊಂದೋ ಎರಡು ವರ್ಷಕ್ಕೊಂದೋ, ಅದು ತನಗೊಬ್ಬಳಿಗೋ ಗಂಡನಿಗೂ ಸೇರಿಯೋ, ರಜೆಯ ತಿಂಗಳುಗಳ ಸಂಬಳವು ಮೊದಲನೆಯ ವರ್ಷದಲ್ಲಿಯೂ ಬರುವುದೋ, ನಡುವೆ ಬಿಟ್ಟರೆ ಟಿಕೆಟ್ಟಿನ ಹಣವನ್ನು ಹಿಂದಕ್ಕೆ ಕೇಳುವರೋ ಇವನ್ನೆಲ್ಲ ರುಜು ಹಾಕುವುದಕ್ಕೆ ಮುಂಚೆಯೇ ಕೇಳಿ ಬರೆಯಿಸಿಕೊಳ್ಳಬೇಕು. ಮಕ್ಕಳನ್ನು ಹೊರದೇಶಕ್ಕೆ ಕಳುಹಿಸತಕ್ಕ ತಂದೆತಾಯಿಗಳು ಸಂಬಳದ ಅಂಕಿಯನ್ನು ನೋಡಿ ಹಿಗ್ಗುವ ಬದಲು ಮನೆ ಮತ್ತು ರಜೆಯ ಸಾಲುಗಳನ್ನು ಎರಡು ಸಲ ಓದಬೇಕೆಂದು ನಮ್ಮ ಬಿನ್ನಹ. ಅದಿರಲಿ. ನಮ್ಮನ್ನು ಯೋಚನೆಗೆ ಹಚ್ಚಿದ್ದು ಬೇರೆಯೇ. ಮೂಡಿಗೆರೆಯ ಹುಡುಗಿಗೆ ಮರಳುಗಾಡಿನಲ್ಲಿ ದೊರೆಯುವ ಭರವಸೆಯು ಹಾವೇರಿಯ ಹುಡುಗಿಗೆ ಮೂಡಿಗೆರೆಯ ಸೀಮೆಯಲ್ಲಿ ದೊರೆಯುವುದಿಲ್ಲ.

ರಜೆಯ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು; ಏಕೆಂದರೆ ಉಪಾಧ್ಯಾಯರಿಗೆ ರಜೆ ಬಹಳವೆಂದು ಅಸೂಯೆಪಡುವವರು ನಮ್ಮ ವಾಚಕರಲ್ಲಿಯೂ ಇರಬಹುದು. ಲೆಕ್ಕವು ಹೀಗಿದೆ. ಸರ್ಕಾರದ ಬೇರೆ ಇಲಾಖೆಗಳ ನೌಕರರಿಗೆ ವರ್ಷಕ್ಕೆ 30 ದಿನಗಳ ಗಳಿಕೆ ರಜೆಯುಂಟು. ಅದನ್ನು ಬೇಕಾದಾಗ ಅಪ್ಪಣೆ ಪಡೆದು ತೆಗೆದುಕೊಳ್ಳಬಹುದು. ಉಪಾಧ್ಯಾಯರಿಗೆ ಶಾಲೆಯ ರಜಾಕಾಲವಿರುವುದರಿಂದ ಗಳಿಕೆ ರಜೆ 10 ದಿನಗಳು ಮಾತ್ರ. ಆದುದರಿಂದ ಅವರು ಊರಿಗೆ ಹೋಗುವುದು, ಮದುವೆ ಮುಂಜಿ, ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆ, ಹೊಲದ ಪಾಲುಪಟ್ಟಿ ಎಲ್ಲವೂ ಬೇಸಗೆ ಮತ್ತು ದಸರಾ ಎಂಬ ಎರಡು ಗಂಟುಗಳೊಳಗೇ ಕಟ್ಟಿಕೊಳ್ಳಬೇಕು. ಬೇಸಗೆಯ ರಜೆಯು 2025ರಲ್ಲಿ ಏಪ್ರಿಲ್ 11ರಿಂದ ಮೇ 28ರವರೆಗೆ ಇದ್ದಿತು. ಈ ದಿನಗಳನ್ನು ಗೊತ್ತುಮಾಡಿದವರ ಮನಸ್ಸಿನಲ್ಲಿದ್ದುದು ಕಲಬುರಗಿ ರಾಯಚೂರುಗಳ ಬಿಸಿಲೆಂಬುದು ಸ್ಪಷ್ಟ. ಅಲ್ಲಿಗೆ ಅದು ಸರಿಯೇ. ಕಳಸದಲ್ಲಿ ಆ ದಿನಗಳು ಹೂಮಳೆ ಬಿದ್ದು ಗುಡ್ಡಗಳು ತಣ್ಣಗಿರುವ ಕಾಲ. ಮಕ್ಕಳು ಸುಖವಾಗಿ ನಡೆದು ಶಾಲೆಗೆ ಬರಬಹುದಾದ ಏಳು ವಾರಗಳು ಬಾಗಿಲು ಮುಚ್ಚಿರುತ್ತದೆ. ಬಾಗಿಲು ತೆಗೆದ ಹತ್ತು ಹದಿನೈದು ದಿನಗಳಲ್ಲಿ ಮುಂಗಾರು ಬಂದೇ ಬರುತ್ತದೆ.

ಅನಂತರದ ಕಥೆಯು ಈ ಸೀಮೆಯ ಗೃಹಿಣಿಯರಿಗೆ ಬಾಯಿಪಾಠ. ಹಳ್ಳ ಉಕ್ಕುತ್ತದೆ, ಕಾಲುಸಂಕದ ಮೇಲೆ ಮಗುವನ್ನು ಕಳುಹಿಸಲು ಯಾವ ತಾಯಿಗೂ ಧೈರ್ಯವಾಗದು. ಹೆಬ್ಬಾಳೆಯ ಸೇತುವೆಯ ಮೇಲೆ ಭದ್ರೆಯು ಹರಿದರೆ ಕಳಸದಿಂದ ಹೊರನಾಡಿಗೆ ಹೋಗುವ ನೇರದಾರಿ ನಿಂತಂತೆಯೇ. ವಿದ್ಯುತ್ತು ಹೋದರೆ ಯಾವಾಗ ಬರುವುದೆಂದು ಹೇಳುವವರಿಲ್ಲ. 2019ನೆಯ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳ ಕಡೆ ಗುಡ್ಡಗಳೇ ಜರಿದು ಮನೆ ಗದ್ದೆಗಳ ಮೇಲೆ ಬಿದ್ದವು. ಚಾರ್ಮಾಡಿ ಘಟ್ಟದ ರಸ್ತೆಯು ಬಹುಕಾಲ ಮುಚ್ಚಿತ್ತು. ಅಂಥ ಮಳೆಯಲ್ಲಿ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಸಾರುವುದು ನ್ಯಾಯವೇ ಸರಿ. ಆದರೆ ಆ ರಜೆಯು ಎಂಥದು? ಹಿಂದಿನ ರಾತ್ರಿಯೋ ಆ ದಿನದ ಬೆಳಗ್ಗೆಯೋ ಗೊತ್ತಾಗುತ್ತದೆ. ನಾಳೆಯೂ ಇರುವುದೋ ಇಲ್ಲವೋ ತಿಳಿಯದು. ರಸ್ತೆ ಕೆಟ್ಟ ದಿನವೇ ಬರುವುದರಿಂದ ಪ್ರಯಾಣಕ್ಕೆ ಉಪಯೋಗವಿಲ್ಲ. ಉಪಾಧ್ಯಾಯರು ಬಾಡಿಗೆಯ ಕೋಣೆಯಲ್ಲಿ ಬೂಷ್ಟು ಹಿಡಿದ ಪುಸ್ತಕಗಳನ್ನು ಒಲೆಯ ಬಳಿ ಒಣಗಿಸುತ್ತ ಕಳೆದ ದಿನಗಳವು. ಆಮೇಲೆ ಪಾಠದ ದಿನಗಳು ಕಡಿಮೆಯಾದುವೆಂದು ಶನಿವಾರದ ಅಪರಾಹ್ನಗಳಲ್ಲಿಯೂ ಭಾನುವಾರಗಳಲ್ಲಿಯೂ, ಕೆಲವೊಮ್ಮೆ ದಸರೆಯ ದಿನಗಳಲ್ಲಿಯೂ ತರಗತಿ ನಡೆಯಿಸಿ ತುಂಬಿಕೊಡಬೇಕು. ಅಂದರೆ ಮಳೆಯ ಕಾಲದ ಉಪಯೋಗವಿಲ್ಲದ ದಿನವನ್ನು ಕೊಟ್ಟು ಚಳಿಗಾಲದ ಉಪಯೋಗವುಳ್ಳ ದಿನವನ್ನು ತೆಗೆದುಕೊಂಡಂತಾಯಿತು. ಬಸ್ಸಿನಲ್ಲಿ ಆ ಉಪಾಧ್ಯಾಯಿನಿಯರು ಸಾಲವೆಂದದ್ದು ಇದನ್ನೇ. ಅದೇ ಊರಿನವರಾದ ಉಪಾಧ್ಯಾಯರಿಗೆ ಇದು ಅಷ್ಟಾಗಿ ನೋಯದು. ಅವರು ಸಾಯಂಕಾಲ ತಮ್ಮ ಮನೆಗೇ ಹೋಗುತ್ತಾರೆ. ಸಾಲದ ಹೊರೆಯೆಲ್ಲ ಬೀಳುವುದು ದೂರದವರ ಮೇಲೆ.

ಇದರ ಮೇಲೆ ಗಣತಿಯ ಕೆಲಸಗಳು. 2025ರಲ್ಲಿ ದಸರೆಯ ರಜೆಯು ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರವರೆಗೆಂದು ಗೊತ್ತಾಗಿತ್ತು. ಸೆಪ್ಟೆಂಬರ್ 22ರಿಂದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯು ಪ್ರಾರಂಭವಾಗಿ ಉಪಾಧ್ಯಾಯರೇ ಮನೆಮನೆಗೆ ಹೋಗಬೇಕಾಯಿತು. ಕೆಲಸವು ಮುಗಿಯದೆ ಅದನ್ನು ಅಕ್ಟೋಬರ್ 18ರವರೆಗೆ ಬೆಳೆಸಿದರು. ಮಕ್ಕಳ ರಜೆಯೂ ಅಷ್ಟೇ ಬೆಳೆಯಿತು. ಮಕ್ಕಳಿಗೆ ನಾಲ್ಕು ವಾರಗಳ ಬಿಡುವು. ಅವರ ಮೇಷ್ಟರಿಗೆ ಒಂಟಿಮನೆಯಿಂದ ಒಂಟಿಮನೆಗೆ ಇಂಬಳ ಹತ್ತಿದ ಕಾಲುಗಳಲ್ಲಿ ಅಲೆದಾಟ. ಪೇಟೆಯ ಬೀದಿಯಲ್ಲಿ ಐವತ್ತು ಮನೆಗಳನ್ನು ನೋಡುವುದಕ್ಕೂ ಸಂಸೆಯ ಸುತ್ತಲಿನ ಗುಡ್ಡಗಳಲ್ಲಿ ಐವತ್ತು ಮನೆಗಳನ್ನು ನೋಡುವುದಕ್ಕೂ ಇರುವ ಅಂತರವನ್ನು ನಡೆದವರೇ ಬಲ್ಲರು.

ಅತಿಥಿ ಶಿಕ್ಷಕರೆಂಬ ಇನ್ನೊಂದು ವರ್ಗವುಂಟು. ಖಾಯಂ ಉಪಾಧ್ಯಾಯರು ನಿಲ್ಲದ ಶಾಲೆಗಳನ್ನು ಎಷ್ಟೋ ಕಡೆ ಇವರೇ ನಡೆಯಿಸುತ್ತಿದ್ದಾರೆ. 2025ರ ಆಯವ್ಯಯದಲ್ಲಿ 2 ಸಾವಿರ ರೂಪಾಯಿಗಳನ್ನು ಏರಿಸಿದ ಮೇಲೆ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನವು ತಿಂಗಳಿಗೆ 12 ಸಾವಿರ ರೂಪಾಯಿಯಾಯಿತು. ಮನೆಬಾಡಿಗೆಯ ಭತ್ಯವಿಲ್ಲ. ಬೇಸಗೆಯ ರಜೆಗೆ ಹಣವೂ ಇಲ್ಲ. ಖಾಯಂ ಉಪಾಧ್ಯಾಯರಿಗೆ ಸಿಹಿಯಾದ ಏಪ್ರಿಲ್ ತಿಂಗಳು ಇವರಿಗೆ ಅಡಿಗೆಮನೆಯ ಡಬ್ಬಿಗಳನ್ನು ತಟ್ಟಿನೋಡುವ ತಿಂಗಳು. ಅತಿಥಿಯೆಂದು ಹೆಸರಿಟ್ಟು ಹೀಗೆ ಕಾಣುವುದು ನಮ್ಮ ಮನೆಗಳ ಪದ್ಧತಿಯಂತೂ ಅಲ್ಲ.

ರಜೆಯ ಕಾಲವನ್ನು ಬದಲಿಸಲು ಬರುವುದಿಲ್ಲವೇ ಎಂದರೆ, ಬೇರೆಯವರು ಬದಲಿಸಿದ್ದಾರೆ. ಹಿಮಾಚಲ ಪ್ರದೇಶದಲ್ಲಿ ಎತ್ತರದ ಸೀಮೆಯ ಶಾಲೆಗಳಿಗೆ ದೊಡ್ಡ ರಜೆಯು ಹಿಮ ಬೀಳುವ ಜನವರಿಯ ಸುಮಾರಿಗೆ. ಕೆಳಗಿನ ಸೀಮೆಯ ಶಾಲೆಗಳಿಗೆ ಬೇರೆ ಕಾಲದಲ್ಲಿ. ಒಂದೇ ರಾಜ್ಯ, ಎರಡು ಪಂಚಾಂಗ. ನಮ್ಮ ನೆರೆಯ ಕೇರಳದಲ್ಲಿ 2025ನೆಯ ಜುಲೈ ಕೊನೆಯಲ್ಲಿ ಅಲ್ಲಿಯ ಶಿಕ್ಷಣ ಸಚಿವರು, ಏಪ್ರಿಲ್ ಮೇ ತಿಂಗಳುಗಳ ರಜೆಯನ್ನು ಮಳೆಯ ಜೂನ್ ಜುಲೈಗೆ ತಿರುಗಿಸಬಹುದೇ ಎಂದು ಸಾರ್ವಜನಿಕರ ಅಭಿಪ್ರಾಯವನ್ನು ಕೇಳಿದರು. ಪೂರ್ತಿಯಾಗಿ ತಿರುಗಿಸಬೇಕೆಂದು ನಾವು ಹೇಳುವುದಿಲ್ಲ. ಪರೀಕ್ಷೆಗಳೂ ಪುಸ್ತಕಗಳೂ ರಾಜ್ಯಕ್ಕೆಲ್ಲ ಒಂದೇ ಇರುವಾಗ ಅದು ಕಷ್ಟ. ಬೇಸಗೆಯ ಏಳು ವಾರಗಳಲ್ಲಿ ಎರಡನ್ನು ತೆಗೆದು, ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿಗಳಂಥ ತಾಲ್ಲೂಕುಗಳಿಗೆ ಮಾತ್ರ ಜುಲೈ ತಿಂಗಳಿನಲ್ಲಿ ಮೊದಲೇ ಗೊತ್ತುಮಾಡಿದ ರಜೆಯನ್ನಾಗಿ ಕೊಟ್ಟರೆ ಸಾಕು. ದೂರದವರು ಟಿಕೆಟ್ಟು ತೆಗೆದು ಮಳೆ ಬಲಿಯುವ ಮೊದಲೇ ಊರು ಸೇರಿಯಾರು. ತಾಯಂದಿರಿಗೂ ಹಳ್ಳದ ಭಯ ಅಷ್ಟು ದಿನ ತಪ್ಪೀತು. ತೀರಿಸಬೇಕಾದ ಸಾಲವೂ ಕಡಿಮೆಯಾದೀತು.

ಮನೆಯ ವಿಷಯದಲ್ಲಿ ಸರ್ಕಾರಕ್ಕಾಗಿ ಕಾಯಬೇಕಾದದ್ದೂ ಇದೆ, ಕಾಯಬೇಕಿಲ್ಲದ್ದೂ ಇದೆ. ಭತ್ಯದ ಅಳತೆಗೋಲನ್ನು ಬದಲಿಸುವುದು ಸರ್ಕಾರದ ಕೆಲಸ. ಆದರೆ ಮಕ್ಕಳಿಲ್ಲದೆ ಮುಚ್ಚಿದ ಶಾಲೆಯ ಕಟ್ಟಡವು ಪಕ್ಕದ ಹಳ್ಳಿಯಲ್ಲಿ ಹೆಂಚು ಜಾರಿ ನಿಂತಿರುವಾಗ ಅದನ್ನು ಎರಡು ಸಂಸಾರಗಳ ಬಿಡಾರವಾಗಿ ಮಾಡಿಕೊಡಲು ಪಂಚಾಯಿತಿಯವರು ಅಪ್ಪಣೆ ಕೇಳಬಹುದು. ತೋಟದಲ್ಲಿ ರೈಟರ ಮನೆಯೊಂದು ಬರಿದಾಗಿದ್ದರೆ, ಶಾಲೆಯ ಮೇಷ್ಟರಿಗೆ ಭತ್ಯದಷ್ಟೇ ಬಾಡಿಗೆಗೆ ಕೊಡಲು ಸಾಹುಕಾರರಿಗೆ ದೊಡ್ಡ ನಷ್ಟವೇನೂ ಆಗದು. ಇಲ್ಲಿ ಬಾಡಿಗೆಗಿಂತ ಮುಖ್ಯವಾದದ್ದು ಇನ್ನೊಂದುಂಟು. ಬಯಲುಸೀಮೆಯಿಂದ ಬಂದವರಿಗೆ ಮೇ ತಿಂಗಳಿನಲ್ಲಿಯೇ ಸೌದೆ ಕೂಡಿಟ್ಟುಕೊಳ್ಳಬೇಕೆಂಬುದು ತಿಳಿಯದು. ಬಟ್ಟೆಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಬೇಕೆಂಬುದು, ಪದವಿಯ ಪತ್ರಗಳನ್ನು ಗೋಡೆಯ ಬೀರುವಿನಲ್ಲಿಡಬಾರದೆಂಬುದು, ಇಂಬಳಕ್ಕೆ ಸುಣ್ಣ ಹೊಗೆಸೊಪ್ಪು ಹಚ್ಚಬೇಕೆಂಬುದು ಇವನ್ನೆಲ್ಲ ಒಬ್ಬರು ಹೇಳಿಕೊಡಬೇಕು. ಮೊದಲನೆಯ ಮಳೆಗಾಲವನ್ನು ದಾಟಿದವರು ಉಳಿಯುತ್ತಾರೆ. ಅದರಲ್ಲಿ ಸೋತವರು ಮಾರನೆಯ ದಿನವೇ ವರ್ಗಾವಣೆಯ ನಿಯಮಗಳನ್ನು ಓದಲು ತೊಡಗುತ್ತಾರೆ. ಒಂದು ಮನೆಯ ಗೃಹಿಣಿಯು ತನ್ನ ಸೌದೆಯ ಕೊಟ್ಟಿಗೆಯಲ್ಲಿ ಒಂದು ಮೂಲೆಯನ್ನು ಬಿಟ್ಟುಕೊಟ್ಟದ್ದರಿಂದ ಒಂದು ಶಾಲೆಗೆ ಏಳು ವರ್ಷ ಒಬ್ಬರೇ ಮೇಷ್ಟರು ನಿಂತುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಬಸ್ಸಿನಲ್ಲಿ ಸಿಕ್ಕಿದ ಉಪಾಧ್ಯಾಯಿನಿಯರು ಅಂದು ಕಛೇರಿಯಲ್ಲಿ ಕೊಟ್ಟುಬಂದ ಕಾಗದವು ವರ್ಗಾವಣೆಗೆ ಸಂಬಂಧಿಸಿದ್ದೇ ಆಗಿತ್ತು. ಅದನ್ನು ಅವರಾಗಿಯೇ ಕಳಸದ ನಿಲ್ದಾಣದಲ್ಲಿ ಇಳಿಯುವಾಗ ಹೇಳಿದರು. ಶಾಲೆಯು ಹಿಡಿಸಲಿಲ್ಲವೇ ಎಂದು ಕೇಳಿದೆವು. ಹಾಗಲ್ಲ, ಮೂರನೆಯ ತರಗತಿಯವರು ಈಗ ತಾನೇ ಭಾಗಾಕಾರ ಹಿಡಿದಿದ್ದಾರೆ, ನಡುವೆ ಬಿಡಲು ಮನಸ್ಸಿಲ್ಲ. ಆದರೆ ಮನೆಯೊಡೆಯರು ಮುಂದಿನ ಮೇ ತಿಂಗಳಿಗೆ ಕೋಣೆ ಬಿಡಬೇಕೆಂದು ಹೇಳಿದ್ದಾರೆ, ಮೇಲೆ ಎರಡು ಕೋಣೆ ಕಟ್ಟಿಸಿ ಪ್ರವಾಸಿಗರಿಗೆ ಕೊಡುವವರಂತೆ. ಹಳ್ಳಿಯಲ್ಲಿ ಬೇರೆ ಮನೆ ಸಿಕ್ಕರೆ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಾಗಿಯೂ ಹೇಳಿದರು. “ನಿಮ್ಮ ಕಡೆಯವರು ಯಾರರ ಇದ್ರ ಒಂದ್ ಮಾತು ಹೇಳ್ರಿ. ಒಂದ ಖೋಲಿ, ಒಂದು ಬಚ್ಚಲ ಇದ್ರ ಸಾಕು” ಎಂದು ಕೊಡೆ ಬಿಚ್ಚಿಕೊಂಡು, ಇನ್ನೊಂದು ಬಸ್ಸು ಹಿಡಿಯಲು ಹೊರಟುಹೋದರು. ನಾವು ಕಳಸದಲ್ಲಿ ಇಬ್ಬರು ಪರಿಚಿತರಿಗೆ ಹೇಳಿ ಬಂದಿದ್ದೇವೆ. ಒಬ್ಬರು ಕಾಫಿ ಕುಯ್ಲು ಮುಗಿಯಲಿ, ನೋಡೋಣವೆಂದಿದ್ದಾರೆ.